ಆಯುಧ ಹೊತ್ತ ನಡುಪಟ್ಟಿ

ಯಾವುದಾದರೊಂದು ಕಾರ್ಯಕ್ಕೆ ದೃಢಮನಸ್ಸಿನಿಂದ ತೊಡಗಿದವನನ್ನು ಕುರಿತು 'ಟೊಂಕ ಕಟ್ಟಿ ನಿಂತಿದ್ದಾನೆ' ಎಂದು ನಾವು ಹೇಳುವುದುಂಟು. ಪಾಠಶಾಲೆಯ ಕಟ್ಟಡಕ್ಕೆ ಚಂದಾ ಎತ್ತುವವರೂ ಟೊಂಕ ಕಟ್ಟುತ್ತಾರೆ. ಮಗಳ ಮದುವೆಗೆ ಓಡಾಡುವವರೂ ಟೊಂಕ ಕಟ್ಟುತ್ತಾರೆ. ಮಾತು ಸವೆದು ನುಣುಪಾಗಿದೆ. ಅದು ಹೊಸದಾಗಿದ್ದ ಕಾಲದಲ್ಲಿ ಟೊಂಕವನ್ನು ಕಟ್ಟುತ್ತಿದ್ದುದು ಉಟ್ಟ ಬಟ್ಟೆ ಸಡಿಲವಾಗದಿರಲೆಂದು ಮಾತ್ರವಲ್ಲ, ಅದರೊಳಗೆ ಸಿಕ್ಕಿಸಿದ ಕಠಾರಿ ಜಾರಿ ಬೀಳದಿರಲೆಂದು ಕೂಡ.

ಆಯುಧಗಳ ಚರಿತ್ರೆಯನ್ನು ಬರೆದವರು ಬಹುಮಂದಿ. ಕತ್ತಿಯ ಅಲಗು, ಹಿಡಿಯ ಕೆತ್ತನೆ, ಕೋವಿಯ ಕುದುರೆ, ಪಿಸ್ತೂಲಿನ ನಳಿಗೆ, ಇವುಗಳನ್ನು ವಸ್ತುಸಂಗ್ರಹಾಲಯಗಳಲ್ಲಿ ಗಾಜಿನ ಪೆಟ್ಟಿಗೆಯೊಳಗಿಟ್ಟು ತೋರಿಸುತ್ತಾರೆ. ಆದರೆ ಕತ್ತಿಯು ಕೈಯಲ್ಲಿರುವುದು ಗಳಿಗೆ ಹೊತ್ತು. ಮಿಕ್ಕ ಕಾಲವೆಲ್ಲ ಅದು ನಡುವಿನಲ್ಲಿಯೇ ತೂಗುತ್ತಿರತಕ್ಕದ್ದು. ಅದನ್ನು ಹೊತ್ತ ಬಟ್ಟೆಯೂ ಚರ್ಮವೂ ಬೆವರಿನಿಂದ ಕೊಳೆತು, ಹುಳು ಹಿಡಿದು, ಮಣ್ಣುಪಾಲಾದುವು. ಉಳಿದಿರುವುದು ಉಕ್ಕು ಮಾತ್ರ. ಆದಕಾರಣ ನಡುಪಟ್ಟಿಯ ಚರಿತ್ರೆಯನ್ನು ಹೇಳಹೊರಟವನು ಕಲ್ಲಿನ ಮೇಲಣ ಚಿತ್ರಗಳನ್ನೂ, ಭಾಷೆಯಲ್ಲಿ ಉಳಿದ ಪದಗಳನ್ನೂ, ಯುದ್ಧವರದಿಗಳ ಮೂಲೆಯಲ್ಲಿ ಬಂದುಹೋದ ಒಂದೆರಡು ವಾಕ್ಯಗಳನ್ನೂ ಹುಡುಕಿ ಜೋಡಿಸಬೇಕಾಗುತ್ತದೆ.

ಈ ಉಪನ್ಯಾಸಕ್ಕೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ಸ್ಥಳಗಳ ಸೀಮೆಯನ್ನು ನೆಲೆಯಾಗಿ ಇಟ್ಟುಕೊಂಡಿದ್ದೇನೆ. ಮೊದಲೆರಡು ತಾಲ್ಲೂಕುಗಳು ಹಿಂದೆ ಶಿವಮೊಗ್ಗ ಜಿಲ್ಲೆಯವು, ಜಗಳೂರು ಚಿತ್ರದುರ್ಗದ್ದು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಮೂರೂ ಅದರೊಳಕ್ಕೆ ಬಂದುವು. ಹೊನ್ನಾಳಿಯ ತಾಲ್ಲೂಕಿನಲ್ಲಿದ್ದ ನ್ಯಾಮತಿಯು ಇತ್ತೀಚಿನ ವರ್ಷಗಳಲ್ಲಿ ತಾನೇ ಒಂದು ತಾಲ್ಲೂಕಾಗಿದೆ. ಮಲೆನಾಡಿನ ಸೆರಗಿನಿಂದ ತೊಡಗಿ ಬಯಲುಸೀಮೆಯ ಒಣನೆಲದವರೆಗೆ ಹರಡಿರುವ ಈ ಭಾಗದಲ್ಲಿ ಆಯುಧ ಕಟ್ಟಿದವರ ಕಥೆಗಳಿಗೆ ಕೊರತೆಯಿಲ್ಲ.

ಮೊದಲು ವೀರಗಲ್ಲುಗಳನ್ನು ನೋಡೋಣ. ತುಂಗಭದ್ರೆಯ ಇಕ್ಕೆಲಗಳ ಊರುಗಳಲ್ಲಿ, ದೇವಾಲಯದ ಅಂಗಳದಲ್ಲೋ ಕೆರೆಯ ಏರಿಯ ಮೇಲೋ, ಇಂಥ ಕಲ್ಲುಗಳು ಕಾಣಸಿಗುತ್ತವೆ. ಕೆಳಗಣ ಪಟ್ಟಿಕೆಯಲ್ಲಿ ವೀರನು ಹೋರಾಡುತ್ತಿರುವನು, ಅದರ ಮೇಲೆ ಅಪ್ಸರೆಯರು ಅವನನ್ನು ಕರೆದೊಯ್ಯುತ್ತಿರುವರು, ತುದಿಯಲ್ಲಿ ಕೈಲಾಸ. ನೋಡುವವರ ಕಣ್ಣು ಸಾಮಾನ್ಯವಾಗಿ ಎತ್ತಿದ ಕತ್ತಿಯ ಮೇಲೆ ಬೀಳುತ್ತದೆ. ಅದನ್ನು ಬಿಟ್ಟು ವೀರನ ನಡುವನ್ನು ನೋಡಿರಿ. ಬಿಗಿಯಾಗಿ ಸುತ್ತಿದ ವಸ್ತ್ರ, ಅದರೊಳಗೆ ಸಿಕ್ಕಿಸಿದ ಕಿರುಗತ್ತಿ, ಗಾಳಿಗೆ ಹಾರುವ ಸೆರಗು, ಇಷ್ಟನ್ನು ಶಿಲ್ಪಿಯು ಮರೆಯದೆ ಕಂಡರಿಸಿರುವ ಕಲ್ಲುಗಳುಂಟು. ಈ ವಸ್ತ್ರಕ್ಕೆ ನಮ್ಮವರು ದಟ್ಟಿಯೆಂದರು. ಮುಸಲ್ಮಾನ ಅರಸರ ಕಾಲದಲ್ಲಿ ಪಾರಸಿಯಿಂದ ಕಮರಬಂದ್ ಎಂಬ ಮಾತು ಬಂದಿತು. ಪದ ಬದಲಾಯಿತೇ ಹೊರತು ಪದಾರ್ಥ ಬದಲಾಗಲಿಲ್ಲ.

ದಟ್ಟಿಯ ಗುಣವನ್ನು ಸ್ವಲ್ಪ ವಿಚಾರಿಸಬೇಕು. ಮೊಳಗಟ್ಟಲೆ ಉದ್ದದ ಹತ್ತಿಯ ಬಟ್ಟೆಯನ್ನು ನಾಲ್ಕಾರು ಸುತ್ತು ಸುತ್ತಿದರೆ ಒಂದರ ಮೇಲೊಂದು ಪದರ ಕುಳಿತು, ಉಜ್ಜಿಕೊಂಡು, ಜಾರದೆ ನಿಲ್ಲುತ್ತದೆ. ಭಾರವು ಒಂದೇ ಕಡೆ ಎಳೆಯದೆ ಸೊಂಟದ ಸುತ್ತಲೂ ಹಂಚಿಹೋಗುತ್ತದೆ. ಬಕ್ಕಲಿಲ್ಲ, ತೂತಿಲ್ಲ, ಹಸಿದ ದಿನಕ್ಕೂ ಉಂಡ ದಿನಕ್ಕೂ ಅಳತೆ ತಾನಾಗಿ ಹೊಂದುತ್ತದೆ. ಖರ್ಚೋ, ಮನೆಯ ಮಗ್ಗದಲ್ಲಿ ನೆಯ್ದ ಒಂದು ತುಂಡು ಬಟ್ಟೆಯದು. ರಾತ್ರಿ ಅದೇ ಹೊದಿಕೆ, ಗಾಯವಾದರೆ ಅದೇ ಕಟ್ಟು, ಬಾವಿಯ ಬಳಿ ಅದೇ ಹಗ್ಗ. ಬಡ ಸೈನಿಕನಿಗೆ ಇದಕ್ಕಿಂತ ಅಗ್ಗವೂ ಗಟ್ಟಿಯೂ ಆದ ನಡುಪಟ್ಟಿ ಬೇರೊಂದು ದೊರೆಯುತ್ತಿರಲಿಲ್ಲವೆಂದು ನನ್ನ ಅಭಿಪ್ರಾಯ. ಅದಕ್ಕೆ ಇದ್ದ ದೋಷವೂ ಸ್ಪಷ್ಟವೇ. ಹಗುರವಾದ ಕಠಾರಿಗೆ ಅದು ಸಾಕು. ಉದ್ದವಾದ ಕತ್ತಿಗೆ ಸಾಲದು. ಓಡುವಾಗ ಕತ್ತಿಯು ಕಾಲಿಗೆ ತೊಡರುತ್ತದೆ. ಕುದುರೆಯ ಮೇಲಂತೂ ಹೇಳಬೇಕಾದುದೇ ಇಲ್ಲ. ಹೀಗಾಗಿ ರಾವುತರು ಚರ್ಮದ ಪಟ್ಟೆಗೆ ಶರಣಾದರು. ಹೆಗಲ ಮೇಲಿಂದ ಎದೆಗೆ ಅಡ್ಡಲಾಗಿ ಇಳಿದು ಬರುವ ಚರ್ಮದ ಪಟ್ಟೆಗೆ ಪಾರಸಿಯಲ್ಲಿ ದುವಾಲ್ ಎಂದು ಹೆಸರು. ಕಚೇರಿಯ ಜವಾನರು ಹಿತ್ತಾಳೆಯ ಬಿಲ್ಲೆಯೊಡನೆ ಧರಿಸುತ್ತಿದ್ದ 'ಡವಾಲಿ' ಇದರ ಮೊಮ್ಮಗ. ಒಂದು ಕಾಲಕ್ಕೆ ಕತ್ತಿಯನ್ನು ಹೊತ್ತದ್ದು ಮುಂದೆ ಅಮಲ್ದಾರರ ಕಾಗದಪತ್ರಗಳ ಹಿಂದೆ ಓಡಾಡಿತು.

ಈಗ 1799ನೆಯ ಇಸವಿಯ ಮೇ ತಿಂಗಳ 4ನೆಯ ತಾರೀಖಿಗೆ ಬರೋಣ. ಆ ದಿನ ಶ್ರೀರಂಗಪಟ್ಟಣವು ಬಿದ್ದಿತೆಂಬುದು ಎಲ್ಲರಿಗೂ ತಿಳಿದ ಸಂಗತಿ. ನಮ್ಮ ವಿಷಯಕ್ಕೆ ಸಂಬಂಧಿಸಿದ ಎರಡು ಘಟನೆಗಳು ಅದೇ ದಿನ ಅದೇ ಕೋಟೆಯೊಳಗೆ ನಡೆದುವು.

ಮೊದಲನೆಯದು ಸುಲ್ತಾನನ ಮರಣ. ಅವನ ಸೇವಕ ರಾಜಾಖಾನನ ಹೇಳಿಕೆಯ ಮೇಲೆ ಇಂಗ್ಲಿಷರು ಬರೆದಿಟ್ಟಿರುವ ವೃತ್ತಾಂತ ಹೀಗಿದೆ. ಗಾಯಗೊಂಡ ಟಿಪ್ಪುವು ಬಾಗಿಲ ಕಮಾನಿನಡಿಯಲ್ಲಿ ಬಿದ್ದುಕೊಂಡಿದ್ದನು. ಒಳನುಗ್ಗಿದ ಸಿಪಾಯಿಯೊಬ್ಬನು ಅವನಾರೆಂಬುದನ್ನು ಅರಿಯದೆ, ಅವನ ಕತ್ತಿಯ ನಡುಪಟ್ಟಿಯನ್ನು ಕಿತ್ತುಕೊಳ್ಳಲು ಕೈಹಾಕಿದನು. ಅಲ್ಲಿಯವರೆಗೆ ನಿಶ್ಚಲನಾಗಿದ್ದ ಸುಲ್ತಾನನು ಉಳಿದ ಶಕ್ತಿಯನ್ನೆಲ್ಲ ಒಟ್ಟುಗೂಡಿಸಿ ಕತ್ತಿಯನ್ನು ಬೀಸಿದನು. ಪೆಟ್ಟು ಸಿಪಾಯಿಯ ಮೊಣಕಾಲಿನ ಬಳಿ ತಗುಲಿತು. ಸಿಪಾಯಿಯು ಕೋವಿಯನ್ನು ಹೆಗಲಿಗೆತ್ತಿ ಕಣತಲೆಗೆ ಗುಂಡು ಹೊಡೆದನು. ಒಂದು ರಾಜ್ಯದ ಕಡೆಯ ಕ್ಷಣವು ಹೀಗೆ ಒಂದು ನಡುಪಟ್ಟಿಯ ಸುತ್ತ ನಡೆದುಹೋಯಿತು. ಸಿಪಾಯಿಗೆ ಬೇಕಾಗಿದ್ದುದು ಲೂಟಿ, ರಾಜಕೀಯವಲ್ಲ. ಸುಲ್ತಾನನು ಮಾತ್ರ ಅದನ್ನು ಹಾಗೆ ಎಣಿಸಲಿಲ್ಲ.

ಎರಡನೆಯದು ಚನ್ನಗಿರಿಯವನಾದ ಧೋಂಡಿಯ ವಾಘನ ಬಿಡುಗಡೆ. ಮರಾಠ ಮನೆತನದಲ್ಲಿ ಹುಟ್ಟಿ, ಹೈದರನ ರಾವುತನಾಗಿ ತೊಡಗಿ, ಮುಂದೆ ಸ್ವತಂತ್ರವಾಗಿ ದಂಡು ಕಟ್ಟಿ, ಕೊನೆಗೆ ಟಿಪ್ಪುವಿನ ಸೆರೆಯಲ್ಲಿ ಬಿದ್ದಿದ್ದ ಈತನನ್ನು, ಕೋಟೆಯನ್ನು ಗೆದ್ದವರು ಇತರ ಬಂದಿಗಳೊಡನೆ ಬಿಟ್ಟುಬಿಟ್ಟರು. ಬೇಡಿ ಕಳಚಿದವನು ತಡಮಾಡದೆ ಹುಟ್ಟುಸೀಮೆಯ ಕಡೆ ನಡೆದು, ಕೆಲಸವಿಲ್ಲದೆ ಚದುರಿದ್ದ ಸುಲ್ತಾನನ ರಾವುತರನ್ನು ಕೂಡಿಸಿಕೊಂಡನು. 1799ರ ಆಗಸ್ಟಿನಲ್ಲಿ ಶಿಕಾರಿಪುರದ ಬಳಿ ಸೋತು ಮರಾಠರ ಸೀಮೆಗೆ ಸರಿದನು. ಮರುವರ್ಷ ಇನ್ನೂ ದೊಡ್ಡ ದಂಡಿನೊಡನೆ ಎದ್ದು 'ಉಭಯಲೋಕಾಧೀಶ್ವರ'ನೆಂದು ತನಗೆ ತಾನೇ ಬಿರುದನ್ನಿಟ್ಟುಕೊಂಡನು. ಮುಂದೆ ವೆಲಿಂಗ್ಟನ್ ಪ್ರಭುವೆನಿಸಿದ ಆರ್ಥರ್ ವೆಲ್ಲೆಸ್ಲಿಯು ತಿಂಗಳುಗಟ್ಟಲೆ ಬೆನ್ನಟ್ಟಿ, 1800ರ ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ನಾಲ್ಕು ರಾವುತದಳಗಳನ್ನು ಒಂದೇ ಸಾಲಾಗಿ ನುಗ್ಗಿಸಿ ಅವನನ್ನು ಕೊಂದನು. ಹೆಣವನ್ನು ಗುರುತಿಸಿ ಫಿರಂಗಿಯ ಗಾಡಿಗೆ ಕಟ್ಟಿ ಪಾಳೆಯಕ್ಕೆ ತಂದರು. ಅವನ ನಾಲ್ಕು ವರ್ಷದ ಮಗನನ್ನು ವೆಲ್ಲೆಸ್ಲಿಯೇ ಸಾಕಿ, ಮುಂದಿನ ಜೀವನಕ್ಕೆ ಹಣವನ್ನೂ ಕಾದಿಟ್ಟನು.

ಧೋಂಡಿಯನ ದಂಡಿನವರಿಗೂ ವೆಲ್ಲೆಸ್ಲಿಯ ದಂಡಿನವರಿಗೂ ಇದ್ದ ಒಂದು ಅಂತರವು ಅವರ ನಡುವಿನಲ್ಲಿಯೇ ಕಾಣುತ್ತಿತ್ತು. ಒಬ್ಬನು ತನ್ನ ಆಯುಧವನ್ನು ತನ್ನದೇ ಪಟ್ಟಿಯಿಂದ ತಾನೇ ಕಟ್ಟಿಕೊಂಡವನು. ಒಡೆಯನು ಬೇಡವಾದರೆ ಆಯುಧದೊಡನೆ ಎದ್ದುಹೋಗುವವನು. ಇನ್ನೊಬ್ಬನ ಪಟ್ಟಿಯು ಕಂಪೆನಿಯ ಉಗ್ರಾಣದ್ದು. ಎಲ್ಲರದೂ ಒಂದೇ ಅಗಲ, ಒಂದೇ ಬಣ್ಣ, ಒಂದೇ ಬಕ್ಕಲು. ಸೇವೆಯಿಂದ ತೆಗೆದರೆ ಪಟ್ಟಿಯನ್ನು ಬಿಚ್ಚಿಟ್ಟು ಹೋಗಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ದೇಶದ ಆಯುಧಗಳ ಮೇಲೆ ನಡೆದ ಹೋರಾಟದ ತಿರುಳು ಇದೇ ಎನ್ನಬೇಕಾಗಿದೆ: ಪಟ್ಟಿಯನ್ನು ಕಟ್ಟಿಕೊಳ್ಳುವವನು ತಾನೇ, ಅಥವಾ ಅದನ್ನು ಕಟ್ಟುವವನು ಮತ್ತೊಬ್ಬನೇ?

ಇದಕ್ಕೆ ಪಿಸ್ತೂಲಿನ ಬರವು ಹೊಸ ತೊಡಕನ್ನು ತಂದಿತು. ಟಿಪ್ಪುವಿನ ಕಾರ್ಖಾನೆಗಳಲ್ಲಿ ಆದ ಪಿಸ್ತೂಲುಗಳು ಇಂದು ವಿಲಾಯತಿಯ ಸಂಗ್ರಹಗಳಲ್ಲಿವೆ. ಹುಲಿಯ ಮುಖದ ಅಲಂಕಾರದಿಂದಲೂ, ಎಡಗೈಗೆ ಒಂದು ಬಲಗೈಗೆ ಒಂದೆಂದು ಜೋಡಿಯಾಗಿ ಮಾಡಿದ ಕುಶಲತೆಯಿಂದಲೂ ಅವು ಹೆಸರಾಗಿವೆ. ಆದರೆ ಆ ಕಾಲದ ದೊಡ್ಡ ಪಿಸ್ತೂಲನ್ನು ರಾವುತನು ಸಾಮಾನ್ಯವಾಗಿ ಸೊಂಟದಲ್ಲಿ ಹೊರುತ್ತಿರಲಿಲ್ಲ. ಜೀನಿನ ಮುಂಭಾಗದಲ್ಲಿ ಇಕ್ಕೆಲಕ್ಕೂ ಇಳಿಬಿಟ್ಟ ಚರ್ಮದ ಒರೆಗಳಲ್ಲಿ ಇಡುತ್ತಿದ್ದನು. ಹೊರುವವನು ಕುದುರೆಯೇ ಆದುದರಿಂದ ತೂಕದ ಚಿಂತೆಯಿರಲಿಲ್ಲ. ಕುದುರೆ ಸತ್ತರೆ ಪಿಸ್ತೂಲೂ ಹೋಯಿತು, ಅಷ್ಟೆ. 1836ರಲ್ಲಿ ಅಮೆರಿಕದ ಕೋಲ್ಟನು ತಿರುಗುವ ಗುಂಡಿನ ಮನೆಯುಳ್ಳ ಪಿಸ್ತೂಲಿಗೆ ಸನ್ನದು ಪಡೆದ ಮೇಲೆ, ಒಂದೇ ಆಯುಧದಲ್ಲಿ ಐದಾರು ಗುಂಡುಗಳು ಹಿಡಿಸಿದುವು. ಇದನ್ನು ಮೈಮೇಲೆಯೇ ಇಟ್ಟುಕೊಳ್ಳುವ ಆಸೆ ಹುಟ್ಟಿತು. ಆಗಲೇ ನಡುಪಟ್ಟಿಯು ನಿಜವಾದ ಪರೀಕ್ಷೆಗೆ ಗುರಿಯಾದುದು.

ಪರೀಕ್ಷೆಯೇನೆಂದರೆ, ಕಠಾರಿಯು ಹಗುರ, ಚಪ್ಪಟೆ; ಮೈಗೆ ಅಂಟಿಕೊಳ್ಳುತ್ತದೆ. ರಿವಾಲ್ವರು ದಪ್ಪ, ಮೊಂಡು. ಅದರ ತೂಕವು ಹಿಡಿಯ ಕಡೆ ಮೇಲಕ್ಕೂ ಹೊರಕ್ಕೂ ವಾಲುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಅಧಿಕಾರಿಗಳು ಹೊತ್ತ ವೆಬ್ಲಿಯ ಆರನೆಯ ಮಾದರಿಯು ಎರಡೂಕಾಲು ರಾತಲಿಗೂ ಹೆಚ್ಚು, ಎಂದರೆ ಒಂದು ಕಿಲೋಗ್ರಾಮನ್ನು ಮೀರಿ ತೂಗುತ್ತಿತ್ತು. ಇದನ್ನು ಮೆತ್ತನೆಯ ಪಟ್ಟಿಗೆ ತೂಗಹಾಕಿದರೆ ಪಟ್ಟಿಯು ಹೊರಕ್ಕೆ ಹೊರಳಿ, ಒಂದು ಮಗ್ಗುಲಿಗೆ ಜಗ್ಗಿ, ಒರೆಯು ಸೊಂಟದಿಂದ ದೂರಕ್ಕೆ ತೊನೆದಾಡುತ್ತದೆ. ಕೈ ಹಾಕಿದರೆ ಆಯುಧವು ಇದ್ದ ಜಾಗದಲ್ಲಿ ಇರುವುದಿಲ್ಲ.

ಇದಕ್ಕೆ ಪರಿಹಾರವನ್ನು ಕಂಡುಹಿಡಿದವನು ಒಂದು ಕೈ ಕಳೆದುಕೊಂಡ ಮನುಷ್ಯನೆಂಬುದು ವಿಚಿತ್ರವಾಗಿದೆ. ಬಂಗಾಳದ ಬ್ಯಾರಕ್‌ಪುರದಲ್ಲಿ ಹುಟ್ಟಿದ ಸ್ಯಾಮ್ಯುಯಲ್ ಬ್ರೌನ್ ಪಂಜಾಬಿನ ರಾವುತದಳವೊಂದರ ಕ್ಯಾಪ್ಟನಾಗಿದ್ದನು. 1858ರ ಆಗಸ್ಟ್ 31ರಂದು ಪಿಲಿಭೀತಿನ ಬಳಿ ದಂಗೆಕೋರರ ಫಿರಂಗಿಯೊಂದರ ಮೇಲೆ ನುಗ್ಗಿದಾಗ ಅವನ ಎಡದೋಳು ತುಂಡಾಯಿತು. ಬದುಕಿದನು, ವಿಕ್ಟೋರಿಯಾ ಕ್ರಾಸ್ ಪದಕವೂ ದೊರೆಯಿತು. ಆದರೆ ಎಡಗೈಯಿಂದ ಒರೆಯನ್ನು ಹಿಡಿದುಕೊಳ್ಳದೆ ಬಲಗೈಯಿಂದ ಕತ್ತಿಯನ್ನು ಸೆಳೆಯುವುದು ಹೇಗೆ? ಅಗಲವಾದ ದಪ್ಪ ಚರ್ಮದ ನಡುಪಟ್ಟಿಯನ್ನು ಮಾಡಿಸಿ, ಬಲಹೆಗಲ ಮೇಲಿಂದ ಒಂದು ಸಣ್ಣ ಪಟ್ಟೆಯನ್ನು ಇಳಿಸಿ ಎಡಮಗ್ಗುಲಿನಲ್ಲಿ ಒರೆಯನ್ನು ಅಲುಗದಂತೆ ನಿಲ್ಲಿಸಿದನು. ಬಲಮಗ್ಗುಲಿಗೆ ಪಿಸ್ತೂಲಿನ ಒರೆ ಬಂದಿತು. ಎರಡು ಕೈಗಳಿದ್ದವರೂ ಇದರ ಅನುಕೂಲವನ್ನು ಕಂಡು ಅನುಕರಿಸಿದರು. ಸೈನ್ಯದ ಅಧಿಕಾರಿಗಳಿಂದ ಪೋಲೀಸ್ ಅಧಿಕಾರಿಗಳಿಗೆ ಇಳಿದು ನಮ್ಮ ಊರುಗಳಿಗೂ ಈ ಪಟ್ಟಿ ಬಂದಿತು. ಅದನ್ನು ತೊಟ್ಟ ಸಬ್ ಇನ್ಸ್‌ಪೆಕ್ಟರು ಸಂತೆಯಲ್ಲಿ ಕಂಡರೆ ಹಾದಿ ತಾನಾಗಿ ಬಿಡುತ್ತಿತ್ತು.

ಇಂಥ ಪಟ್ಟಿಗೆ ತಕ್ಕ ಚರ್ಮವು ನಮ್ಮ ಸೀಮೆಯಲ್ಲಿಯೇ ಆಗುತ್ತಿತ್ತೆಂಬುದನ್ನು ಹೇಳದೆ ಬಿಡಲಾಗದು. ಜಗಳೂರಿನಂಥ ಒಣನೆಲದಲ್ಲಿ ಹಳದಿ ಹೂವಿನ ತಂಗಡಿಯ ಗಿಡ ಬೇಡವೆಂದರೂ ಬೆಳೆಯುತ್ತದೆ. ಅದರ ತೊಗಟೆ ಚರ್ಮ ಹದಮಾಡಲು ಶ್ರೇಷ್ಠವಾದುದು. ಅಳಲೆಕಾಯಿ ಮಲೆನಾಡಿನ ಕಾಡಿನದು. ಇವೆರಡು ಸೀಮೆಗಳ ನಡುವೆ ನಿಂತ ನ್ಯಾಮತಿ ಮೊದಲಿನಿಂದಲೂ ವ್ಯಾಪಾರದ ಊರು. ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಸಿ, ಕೂದಲನ್ನು ಹೆರೆದು, ತೊಗಟೆಯ ರಸದಲ್ಲಿ ವಾರಗಟ್ಟಲೆ ಇಟ್ಟು, ಕೊನೆಗೆ ಹೊಂಗೆಯ ಎಣ್ಣೆ ಉಜ್ಜಿ ಒಣಗಿಸುವ ಕ್ರಮವನ್ನು ಮಾದಿಗರೂ ಸಮಗಾರರೂ ಪುಸ್ತಕದ ಸಹಾಯವಿಲ್ಲದೆ ಬಲ್ಲವರಾಗಿದ್ದರು. ಹದಗೊಂಡ ಚರ್ಮದಿಂದ ಜೀನು, ಒರೆ, ಪಟ್ಟಿಗಳನ್ನು ಹೊಲಿದವರು ಜೀನಗಾರರು. ಅರಸನ ಕತ್ತಿಗೆ ಹೆಸರಿಟ್ಟು ಹಾಡಿದ ನಾಡು ಈ ಜನರನ್ನು ಊರ ಹೊರಗೆ ನಿಲ್ಲಿಸಿತು. ಅವರು ಮಾಡಿದ ಪಟ್ಟಿಯನ್ನು ಮಾತ್ರ ಯಾವ ದಳವಾಯಿಯೂ ಮುಟ್ಟೆನೆನ್ನಲಿಲ್ಲ.

ತೊಗಟೆಯಲ್ಲಿ ಹದವಾದ ಚರ್ಮ ಬಿರುಸು, ಹಿಗ್ಗದು. 1903ರ ಸುಮಾರಿಗೆ ಆಲ್ಫ್ರೆಡ್ ಚಾಟರ್ಟನ್ ಸಾಹೇಬರು ಮದರಾಸಿನಲ್ಲಿ ಕ್ರೋಮ್ ಪದ್ಧತಿಯನ್ನು ಪ್ರಯೋಗಿಸಿ ಬಳಕೆಗೆ ತಂದರು. ಅವರೇ ಮುಂದೆ ಮೈಸೂರಿನ ಕೈಗಾರಿಕಾ ಇಲಾಖೆಯನ್ನು ನಡೆಸಿದವರು. ಕ್ರೋಮ್ ಚರ್ಮ ಬೇಗ ಆಗುತ್ತದೆ, ಮೃದು, ನೀರಿಗೆ ಅಂಜದು. ಮೆಟ್ಟಿಗೂ ಕಪಿಲೆಯ ಬಾನಿಗೂ ಒಳ್ಳೆಯದು. ತೂಕ ಹೊರುವ ನಡುಪಟ್ಟಿಗೆ ಹಳೆಯ ತೊಗಟೆಯ ಚರ್ಮವೇ ಈಗಲೂ ಮೇಲು. ಅದರಲ್ಲಿಯೂ ಬೆನ್ನಿನ ಭಾಗದ್ದು. ಹೊಟ್ಟೆಯ ಭಾಗದ ಚರ್ಮವು ಆರು ತಿಂಗಳಲ್ಲಿ ಎಳೆದಷ್ಟೂ ಬರುತ್ತದೆ.

ಚರ್ಮವು ದೊರೆತರೂ ಅದರಿಂದ ತೂಗಹಾಕಲು ಆಯುಧ ಉಳಿಯಬೇಕಲ್ಲವೆ? 1830–31ರಲ್ಲಿ ನಗರ ಸೀಮೆಯ ರೈತರು ಕಂದಾಯದ ಪೀಡನೆಗೆ ಬೇಸತ್ತು ಕೂಟ ಕಟ್ಟಿದಾಗ ಹೊನ್ನಾಳಿಯು ಆ ದಂಗೆಯ ಮುಖ್ಯ ನೆಲೆಗಳಲ್ಲೊಂದಾಯಿತು. ಬೂದಿ ಬಸವಪ್ಪನೆಂಬವನು ನಗರದ ಗದ್ದುಗೆ ತನ್ನದೆಂದನು. ದಂಗೆಯನ್ನು ಕಂಪೆನಿಯ ಪಡೆ ಮುರಿಯಿತು. ಅದನ್ನೇ ನೆವಮಾಡಿ 1831ರಲ್ಲಿ ರಾಜ್ಯದ ಆಡಳಿತವನ್ನು ಮಹಾರಾಜರಿಂದ ತೆಗೆದುಕೊಂಡ ಇಂಗ್ಲಿಷರು ಅದನ್ನು ಹಿಂದಿರುಗಿಸಿದುದು 1881ರಲ್ಲಿ.

ಆ ಐವತ್ತು ವರ್ಷಗಳ ನಡುವೆ 1857 ಬಂದಿತು. ಆ ವರ್ಷ ಹೊರಟ ನಿಶ್ಶಸ್ತ್ರೀಕರಣದ ಶಾಸನವು, ಜನರು ಮನೆಯಲ್ಲಿದ್ದ ಆಯುಧಗಳನ್ನು ತಂದೊಪ್ಪಿಸಬೇಕೆಂದು ವಿಧಿಸಿತು. ಮುಧೋಳದ ಸಂಸ್ಥಾನಕ್ಕೆ ಸೇರಿದ ಹಲಗಲಿಯ ಬೇಡರು ಒಪ್ಪಲಿಲ್ಲ. ಆಯುಧವೆಂದರೆ ಅವರಿಗೆ ಬೇಟೆ, ಊಳಿಗ, ಮಾನ ಮೂರೂ ಆಗಿದ್ದಿತು. ಜಗಳೂರು ಚಿತ್ರದುರ್ಗದ ಕಡೆಯ ಬೇಡರಿಗೆ ಇದು ಅರ್ಥವಾಗದ ಮಾತಲ್ಲ. 1779ರಲ್ಲಿ ಮದಕರಿನಾಯಕನ ದುರ್ಗವು ಬಿದ್ದಾಗ ಹೈದರನು ಆ ಸೀಮೆಯ 20,000 ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿ, ಅವರ ಹುಡುಗರಿಂದ ತನ್ನ ಚೇಲಾ ದಳಗಳನ್ನು ಕಟ್ಟಿದನೆಂದು ವಿಲ್ಕ್ಸ್ ಬರೆದಿದ್ದಾನೆ. ಹಲಗಲಿಯ ಮೇಲೆ 1857ರ ನವೆಂಬರ್ ಕೊನೆಯಲ್ಲಿ ಇಂಗ್ಲಿಷ್ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ 19 ಜನರನ್ನು ಗಲ್ಲಿಗೇರಿಸಿದರು. ಈ ಕಥೆಯನ್ನು ಹೇಳುವ ಲಾವಣಿಯನ್ನು ಫ್ಲೀಟ್ ಸಾಹೇಬರು ಸಂಗ್ರಹಿಸಿ ಅಚ್ಚು ಹಾಕಿಸಿದರು. ಇಂದಿಗೂ ಅದನ್ನು ಹಾಡುತ್ತಾರೆ.

ಅದೇ ನೀತಿಯು ಕೊಡಗಿನಲ್ಲಿ ಬೇರೊಂದು ಮುಖವನ್ನು ತೋರಿತು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರ ನಿಷ್ಠೆಯನ್ನು ಮೆಚ್ಚಿ, ಅವರಿಗೆ ಈ ನಿರ್ಬಂಧದಿಂದ ವಿನಾಯಿತಿಯನ್ನು ಸಾರಿದನು. ಅದು ರೂಪಾಂತರಗಳೊಡನೆ ನಮ್ಮ ಕಾಲದವರೆಗೂ ಬಂದಿದೆ. ಈ ಕಾರಣದಿಂದಲೇ ಕೊಡವರ ಉಡುಪಿನಲ್ಲಿ ಹಳೆಯ ನಡುಕಟ್ಟಿನ ಕಲೆ ಜೀವಂತವಾಗಿ ಉಳಿದಿದೆ. ಕಪ್ಪು ಕುಪ್ಪಸದ ಮೇಲೆ ಕೆಂಪು ರೇಷ್ಮೆಯ ಚೇಲೆಯನ್ನು ಸುತ್ತಿ, ಮುಂದುಗಡೆ ಪೀಚೆಕತ್ತಿಯನ್ನು ಸಿಕ್ಕಿಸುತ್ತಾರೆ. ಅಗಲವಾದ ಒಡಿಕತ್ತಿಯನ್ನು ಒರೆಯಿಲ್ಲದೆ ಬೆನ್ನ ಹಿಂದೆ ತೋಡಂಗ್ ಎಂಬ ಲೋಹದ ಕೊಂಡಿಯಲ್ಲಿ ಇಳಿಸುತ್ತಾರೆ. ಭಾರವಾದುದು ಬೆನ್ನೆಲುಬಿನ ನೇರಕ್ಕೆ, ಹಗುರವಾದುದು ಮುಂದಕ್ಕೆ. ಪಟ್ಟಿಯು ಯಾವ ಮಗ್ಗುಲಿಗೂ ಜಗ್ಗುವುದಿಲ್ಲ. ಬ್ರೌನನು ಹೆಗಲಿನ ಪಟ್ಟೆಯಿಂದ ಬಿಡಿಸಿದ ಸಮಸ್ಯೆಯನ್ನು ಕೊಡವರು ಇಟ್ಟ ಜಾಗದಿಂದಲೇ ಬಿಡಿಸಿದ್ದರು.

ಚರ್ಮದ ಆಳ್ವಿಕೆಯೂ ಶಾಶ್ವತವಾಗಲಿಲ್ಲ. 1908ರಲ್ಲಿ ಬ್ರಿಟಿಷ್ ಸೈನ್ಯವು ಒತ್ತಾಗಿ ನೆಯ್ದ ದಪ್ಪ ಹತ್ತಿಯ ಪಟ್ಟಿಗಳನ್ನು ಕಾಲಾಳುಗಳಿಗೆ ಕೊಟ್ಟಿತು. ಮಳೆಯಲ್ಲಿ ಬಿರುಸಾಗದು, ಬಿಸಿಲಿನಲ್ಲಿ ಸೀಳದು, ತೊಳೆದರೆ ಹೊಸದು. ವೀರಗಲ್ಲಿನ ದಟ್ಟಿಯೇ ಯಂತ್ರದ ಮಗ್ಗದಿಂದ ಮರಳಿ ಬಂದಂತಾಯಿತು! ಈಚೆಗೆ ಅದರ ಸ್ಥಾನವನ್ನು ನೈಲಾನ್ ಹಿಡಿದಿದೆ.

ಇಂದು 1959ರ ಆಯುಧ ಕಾಯಿದೆಯಂತೆ ಪರವಾನಗಿ ಪಡೆದವರು ಮಾತ್ರ ರಿವಾಲ್ವರನ್ನು ಇಟ್ಟುಕೊಳ್ಳಬಹುದು. ಅಂಥವರು ಆಯುಧಕ್ಕೆ ಬಹಳ ಹಣ ಸುರಿದು, ಸಂತೆಯ ಅಗ್ಗದ ಬೆಲ್ಟಿಗೆ ಅದನ್ನು ತೂಗಹಾಕುವುದುಂಟು. ಆ ಬೆಲ್ಟಿನ ಒಳಗೆ ರಟ್ಟು, ಮೇಲೆ ಚರ್ಮದಂತೆ ಕಾಣುವ ಹೊದಿಕೆ. ಹಾಗೆಂದು ವಿಲಾಯತಿಯ ಹೆಸರು ಒತ್ತಿದ ದುಬಾರಿಯದೂ ಬೇಕಿಲ್ಲ. ಬೆನ್ನಿನ ಚರ್ಮದ ಒಂದೇ ದಪ್ಪ ಪಟ್ಟಿ, ಅಥವಾ ಎರಡು ಪದರವನ್ನು ಅಂಚಿನುದ್ದಕ್ಕೂ ಹೊಲಿದುದು. ಒಂದೂವರೆ ಅಂಗುಲಕ್ಕೆ ಕಡಮೆಯಿಲ್ಲದ ಅಗಲ. ಎರಕದ ಹಿತ್ತಾಳೆಯ ಬಕ್ಕಲು. ಕೊಳ್ಳುವ ಮುನ್ನ ಪಟ್ಟಿಯನ್ನು ಎರಡು ಕೈಗಳಲ್ಲಿ ಹಿಡಿದು ಅಗಲದ ಕಡೆಗೆ ಹೊರಳಿಸಿ ನೋಡಬೇಕು. ಸುಲಭವಾಗಿ ಹೊರಳಿದರೆ ಅದು ಧೋತ್ರಕ್ಕೆ ಸರಿ, ಪಿಸ್ತೂಲಿಗಲ್ಲ. ಒರೆಯ ಹಿಂದಣ ಕುಣಿಕೆಯ ಅಗಲವು ಪಟ್ಟಿಯ ಅಗಲಕ್ಕೆ ಸರಿಹೊಂದಬೇಕು. ಸಡಿಲವಾದರೆ ಎಂಥ ಚರ್ಮವೂ ಕೆಲಸಕ್ಕೆ ಬಾರದು. ಒಳ್ಳೆಯ ಜೀನಗಾರನು ದೊರೆತರೆ ಅಳತೆ ಕೊಟ್ಟು ಮಾಡಿಸುವುದೇ ಕಡಮೆ ಖರ್ಚಿನ ದಾರಿ. ವರ್ಷಕ್ಕೊಮ್ಮೆ ತುಸು ಎಣ್ಣೆ ಹಚ್ಚಿದರೆ ಅಂಥ ಪಟ್ಟಿಯು ಕೊಂಡವನ ಮಗನ ಕಾಲಕ್ಕೂ ಉಳಿಯುತ್ತದೆ.

ಚುನಾವಣೆ ಸಾರಿದಾಗ ಚನ್ನಗಿರಿ, ಹೊನ್ನಾಳಿಗಳಲ್ಲಿಯೂ, ಉಳಿದ ಕಡೆಗಳಲ್ಲಿಯೂ, ಪರವಾನಗಿದಾರರು ಸಾಮಾನ್ಯವಾಗಿ ತಮ್ಮ ಆಯುಧಗಳನ್ನು ಪೋಲೀಸ್ ಠಾಣೆಗೆ ಒಪ್ಪಿಸಿ ರಸೀದಿ ಪಡೆಯಬೇಕಾಗುತ್ತದೆ. ಬೆಳೆ ಕಾಯುವ ರೈತನ ಒಂಟಿನಳಿಗೆಯ ಕೋವಿಯೂ ಹೋಗುತ್ತದೆ, ಸಾಹುಕಾರರ ರಿವಾಲ್ವರೂ ಹೋಗುತ್ತದೆ. ರಸೀದಿಯಲ್ಲಿ ಆಯುಧದ ಸಂಖ್ಯೆ, ಮಾದರಿ, ಗುಂಡುಗಳ ಎಣಿಕೆ ಎಲ್ಲವನ್ನೂ ಬರೆದುಕೊಡುತ್ತಾರೆ. ನಡುಪಟ್ಟಿಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಅದು ಮನೆಯ ಗೂಟದ ಮೇಲೆಯೇ ಇರುತ್ತದೆ.